ಎಕ್ಸ್‌ಪಿ ಕಾಲದ ಬ್ಯಾಕಪ್ ಫೈಲಿನಿಂದ ತಂದೆಯವರ ಹಾಡುಗಳ ಸಂಗ್ರಹವನ್ನು ಹೊರತೆಗೆಯುವುದು ಹೇಗೆ?

ಆಗುಂಬೆಮಳೆ — ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನಮ್ಮ ತಂದೆಯವರು ತೀರ್ಥಹಳ್ಳಿ ತಾಲ್ಲೂಕಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದರು. ರಜೆ ಸಿಕ್ಕಾಗಲೆಲ್ಲ ಸುತ್ತಲಿನ ಊರುಗಳಿಗೆ ಹೋಗಿ, ಹೆಂಗಸರು ಮದುವೆಮನೆಗಳಲ್ಲಿ ಹೇಳುತ್ತಿದ್ದ ಸೋಬಾನೆ ಹಾಡುಗಳನ್ನೂ ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರ ಪದಗಳನ್ನೂ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಂಡು ಬರುತ್ತಿದ್ದರು. ನಿವೃತ್ತಿಯ ನಂತರ ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರೊಂದನ್ನು ಕೊಂಡು, ಹಾಡುಗಳ ಪಠ್ಯವನ್ನೆಲ್ಲ ನುಡಿ ತಂತ್ರಾಂಶದಲ್ಲಿ ತಾವೇ ಟೈಪ್ ಮಾಡಿದರು. 60 ನಿಮಿಷದ 11 ಕ್ಯಾಸೆಟ್ಟುಗಳನ್ನು ಒಂದೊಂದು ಮಗ್ಗುಲಿಗೆ ಒಂದೊಂದರಂತೆ ವೇವ್ ಫೈಲುಗಳಾಗಿ ಕಂಪ್ಯೂಟರಿಗೆ ಇಳಿಸಿಕೊಂಡರು. ಪಠ್ಯವು ಸಿ ಡ್ರೈವಿನ ಮೈ ಡಾಕ್ಯುಮೆಂಟ್ಸ್‌ನಲ್ಲಿಯೂ ಧ್ವನಿ ಡಿ ಡ್ರೈವಿನಲ್ಲಿಯೂ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಅವರು ತೀರಿಕೊಂಡ ಮೇಲೆ ಆ ಕಂಪ್ಯೂಟರ್ ಕೆಟ್ಟು ನಿಂತಿತು. ರಿಪೇರಿಗೆ ಕೊಟ್ಟ ಅಂಗಡಿಯವರು ಬ್ಯಾಕಪ್ ಹೇಗೂ ಹೊರಗಿನ ಹಾರ್ಡ್ ಡಿಸ್ಕಿನಲ್ಲಿದೆಯಲ್ಲ ಎಂದು ನಮ್ಮನ್ನು ಕೇಳದೆಯೇ ಒಳಗಿನ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಟ್ಟರು. ಆದ್ದರಿಂದ ಈಗ ನಮ್ಮ ಕೈಯಲ್ಲಿ ಉಳಿದಿರುವುದು ಆ ಹೊರಗಿನ ಡಿಸ್ಕಿನಲ್ಲಿರುವ ಒಂದೇ ಒಂದು ಬಿಕೆಎಫ್ (ಎಕ್ಸ್‌ಪಿ ಬ್ಯಾಕಪ್) ಫೈಲ್. ಅದರ ಅಳತೆ 3.99 ಜಿಬಿ ಎಂದು ತೋರಿಸುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ 11. ಈ ಫೈಲನ್ನು ಅದು ಗುರುತಿಸುವುದೇ ಇಲ್ಲ. ಪರಿಚಯದವರೊಬ್ಬರು ತಮ್ಮ ಹಳೆಯ ಎಕ್ಸ್‌ಪಿ ಯಂತ್ರದಲ್ಲಿ, ಎಕ್ಸ್‌ಪಿಯದೇ ಬ್ಯಾಕಪ್ ತಂತ್ರಾಂಶವಾದ ಎನ್‌ಟಿಬ್ಯಾಕಪ್ ತೆರೆದು ನೋಡಿದರು. ಅಲ್ಲಿ ಫೈಲಿನ ಹೆಸರು ಕಾಣಿಸಿತು, ಆದರೆ ಒಳಗಿನ ಪಟ್ಟಿಯನ್ನು ಬಿಡಿಸಲು ಹೋದ ಕೂಡಲೇ ಮಾಧ್ಯಮದಲ್ಲಿ ಏನೋ ಹೊಂದಾಣಿಕೆ ತಪ್ಪಿದೆ ಎಂಬರ್ಥದ ಸಂದೇಶ ಬಂದು ಕೆಲಸ ನಿಂತುಹೋಯಿತು. ಅಂತರಜಾಲದಲ್ಲಿ ಇಂಥ ಫೈಲುಗಳನ್ನು ಸರಿಪಡಿಸಿಕೊಡುತ್ತೇವೆ ಎನ್ನುವ ತಂತ್ರಾಂಶಗಳು ಬಹಳ ಇವೆ, ಆದರೆ ಯಾವುದನ್ನು ನಂಬಬೇಕು ಎಂಬುದು ತಿಳಿಯದೆ ಯಾವುದನ್ನೂ ಮುಟ್ಟಿಲ್ಲ. ಆ ಹಾಡುಗಳನ್ನು ಹೇಳಿದ ಅಜ್ಜಿಯರಲ್ಲಿ ಹೆಚ್ಚಿನವರು ಈಗಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಗಣಕಮಿತ್ರ — ಉತ್ತರ

ಆಗುಂಬೆಮಳೆ ಅವರೇ, ಏನನ್ನೂ ಅವಸರದಿಂದ ಮಾಡದೆ ಮೊದಲು ಇಲ್ಲಿ ಕೇಳಿದ್ದು ಬಹಳ ಒಳ್ಳೆಯದಾಯಿತು. ನೀವು ಕೊಟ್ಟ ವಿವರಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 3.99 ಜಿಬಿ ಎಂಬ ಅಂಕಿ. ಆ ಹೊರಗಿನ ಡಿಸ್ಕಿನ ಪ್ರಾಪರ್ಟೀಸ್ ತೆರೆದು ಅದರ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಯಾವುದೆಂದು ನೋಡಿ. ಅಲ್ಲಿ ಫ್ಯಾಟ್32 ಎಂದು ಇದ್ದರೆ ನಿಮ್ಮ ತೊಂದರೆಯ ಮೂಲ ಸಿಕ್ಕಿತೆಂದೇ ತಿಳಿಯಿರಿ. ಫ್ಯಾಟ್32ರಲ್ಲಿ ಯಾವುದೇ ಒಂದು ಫೈಲ್ 4 ಜಿಬಿಯನ್ನು ಮುಟ್ಟುವಂತಿಲ್ಲ, ಅದಕ್ಕಿಂತ ಒಂದು ಬೈಟ್ ಕಡಿಮೆಯೇ ಅದರ ಮಿತಿ. ಆ ಕಾಲದಲ್ಲಿ ಮಾರಾಟವಾಗುತ್ತಿದ್ದ ಹೊರಗಿನ ಡಿಸ್ಕುಗಳಲ್ಲಿ ಬಹಳಷ್ಟು ಫ್ಯಾಟ್32ರಲ್ಲಿಯೇ ಬರುತ್ತಿದ್ದವು.

ಇನ್ನು ನಿಮ್ಮ ಲೆಕ್ಕವನ್ನು ನೋಡೋಣ. ಸಿಡಿ ಗುಣಮಟ್ಟದ ವೇವ್, ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ ಆಗಿದ್ದರೆ ನಿಮಿಷಕ್ಕೆ ಸುಮಾರು 10 ಎಂಬಿ ಹಿಡಿಯುತ್ತದೆ. 60 ನಿಮಿಷದ ಒಂದು ಕ್ಯಾಸೆಟ್ಟಿಗೆ 600 ಎಂಬಿಗೂ ಹೆಚ್ಚು, 11 ಕ್ಯಾಸೆಟ್ಟಿಗೆ ಆರೂವರೆ ಜಿಬಿಯಷ್ಟು ಆಗಬೇಕು. ಎನ್‌ಟಿಬ್ಯಾಕಪ್ ಡಿಸ್ಕಿನ ಮೇಲಿನ ಫೈಲಿಗೆ ಬರೆಯುವಾಗ ದತ್ತಾಂಶವನ್ನು ಕುಗ್ಗಿಸುವುದಿಲ್ಲವಾದ್ದರಿಂದ ಬ್ಯಾಕಪ್ ಕೂಡ ಅಷ್ಟೇ ದೊಡ್ಡದಿರಬೇಕಾಗಿತ್ತು. ನಿಮ್ಮ ತಂದೆಯವರು ಬ್ಯಾಕಪ್ ತೆಗೆದ ದಿನ ಬರವಣಿಗೆಯು 4 ಜಿಬಿಯ ಗಡಿಯಲ್ಲಿ ನಿಂತುಹೋಗಿದೆ ಎಂಬುದು ನನ್ನ ಅಂದಾಜು. ಫೈಲ್ ಕೆಟ್ಟಿಲ್ಲ, ಅರ್ಧಕ್ಕೆ ಮುಗಿದಿದೆ. ಇವೆರಡರ ನಡುವಿನ ವ್ಯತ್ಯಾಸ ದೊಡ್ಡದು, ಏಕೆಂದರೆ ಅರ್ಧಕ್ಕೆ ಮುಗಿದ ಫೈಲಿನಲ್ಲಿ ಬರೆದಷ್ಟು ಭಾಗ ಸರಿಯಾಗಿಯೇ ಇರುತ್ತದೆ.

ಹಾಗಿದ್ದರೂ ತೆರೆಯಲಿಲ್ಲವೇಕೆ ಎಂದು ನೀವು ಕೇಳಬಹುದು. ಬಿಕೆಎಫ್ ಫೈಲನ್ನು ಬರೆಯುವುದು ಮೈಕ್ರೋಸಾಫ್ಟ್ ಟೇಪ್ ಫಾರ್ಮ್ಯಾಟಿನಲ್ಲಿ. ಇದು ನಿಜವಾದ ಟೇಪಿಗಾಗಿಯೇ ರೂಪಿಸಿದ ವಿಧಾನ. ಫೈಲನ್ನು ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟುಗಳನ್ನು ಇದ್ದಂತೆಯೇ ತೋರಿಸುವ ತಂತ್ರಾಂಶ) ತೆರೆದರೆ ಮೊದಲ ನಾಲ್ಕು ಬೈಟುಗಳಲ್ಲಿ ಟೇಪ್ ಎಂಬ ಪದದ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಟೇಪಿನಂತೆಯೇ ಇಲ್ಲಿಯೂ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಡ್ರೈವಿಗೊಂದರಂತೆ ಒಂದೊಂದು ಗುಂಪು, ಗುಂಪಿನೊಳಗೆ ಫೋಲ್ಡರ್, ಫೋಲ್ಡರಿನ ಹಿಂದೆಯೇ ಅದರ ಫೈಲುಗಳು, ಗುಂಪು ಮುಗಿದ ಮೇಲೆ ಅದರಲ್ಲಿ ಏನೇನಿದೆ ಎಂಬ ಸೂಚಿ. ಮರುಸ್ಥಾಪಿಸುವಾಗ ಎನ್‌ಟಿಬ್ಯಾಕಪ್ ಸಮಯ ಉಳಿಸಲೆಂದು ಮೊದಲು ಆ ಸೂಚಿಯನ್ನೇ ಹುಡುಕುತ್ತದೆ. ನಿಮ್ಮ ಫೈಲಿನಲ್ಲಿ ಡಿ ಡ್ರೈವಿನ ಗುಂಪು ಮುಗಿದೇ ಇಲ್ಲದಿರುವುದರಿಂದ ಅದರ ಸೂಚಿಯೂ ಇಲ್ಲ.

ಇದಕ್ಕೆ ಪರಿಹಾರ ಎನ್‌ಟಿಬ್ಯಾಕಪ್ಪಿನೊಳಗೇ ಇದೆ. ಅದು ತೆರೆದುಕೊಳ್ಳುವಾಗ ಬರುವ ವಿಝಾರ್ಡಿನಲ್ಲಿ ಅಡ್ವಾನ್ಸ್ಡ್ ಮೋಡ್ ಆರಿಸಿಕೊಂಡು, ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಜನರಲ್ ಎಂಬ ಪುಟಕ್ಕೆ ಹೋಗಿ. ಮಾಧ್ಯಮದ ಮೇಲಿರುವ ಕೆಟಲಾಗನ್ನು (ಮೇಲೆ ಹೇಳಿದ ಸೂಚಿಯನ್ನು) ಬಳಸಿ ಡಿಸ್ಕಿನಲ್ಲಿ ಕೆಟಲಾಗ್ ಕಟ್ಟುವುದನ್ನು ವೇಗಗೊಳಿಸು ಎಂಬ ಅರ್ಥದ ಸಾಲೊಂದು ಅಲ್ಲಿದೆ. ಅದರ ಮುಂದಿನ ಗುರುತನ್ನು ತೆಗೆದುಹಾಕಿ. ಆಗ ತಂತ್ರಾಂಶವು ಸೂಚಿಯನ್ನು ಹುಡುಕದೆ ಇಡೀ ಫೈಲನ್ನು ಮೊದಲಿನಿಂದ ಓದುತ್ತ ತಾನೇ ಹೊಸ ಪಟ್ಟಿ ಕಟ್ಟುತ್ತದೆ. ಹಾಳಾದ ಮಾಧ್ಯಮಕ್ಕೂ ಕೊನೆಯ ಟೇಪು ಕಳೆದುಹೋದ ಸಂದರ್ಭಕ್ಕೂ ಇದೇ ದಾರಿ. ಸಮಯ ಬಹಳ ಹಿಡಿಯುತ್ತದೆ, ನಡುವೆ ನಿಂತಂತೆ ಕಂಡರೂ ನಿಲ್ಲಿಸಬೇಡಿ.

ಇದಕ್ಕೆಲ್ಲ ಮೊದಲು ಆ ಬಿಕೆಎಫ್ ಫೈಲನ್ನು ಎನ್‌ಟಿಎಫ್‌ಎಸ್ (4 ಜಿಬಿಯ ಆ ಮಿತಿ ಇಲ್ಲದ ಫೈಲ್ ಸಿಸ್ಟಂ) ಇರುವ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಮೂಲ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ಎಲ್ಲ ಪ್ರಯೋಗವೂ ನಕಲಿನ ಮೇಲೆಯೇ ನಡೆಯಲಿ. ಹಣ ಕೇಳುವ ರಿಪೇರಿ ತಂತ್ರಾಂಶಗಳು ಸದ್ಯಕ್ಕೆ ನಿಮಗೆ ಬೇಡವೇ ಬೇಡ.

ಸಹ್ಯಾದ್ರಿ_ಲ್ಯಾಬ್ — ಉತ್ತರ

ಗಣಕಮಿತ್ರ ಅವರು ಹೇಳಿದ್ದು ಸರಿಯಾಗಿದೆ. ಎನ್‌ಟಿಬ್ಯಾಕಪ್ಪನ್ನು ಎಲ್ಲಿ ನಡೆಸುವುದು ಎಂಬ ವಿಷಯದಲ್ಲಿ ನನ್ನ ಅನುಭವವನ್ನು ಸೇರಿಸುತ್ತೇನೆ.

ವಿಸ್ತಾ ಬಂದಾಗಲೇ ಮೈಕ್ರೋಸಾಫ್ಟ್ ಎನ್‌ಟಿಬ್ಯಾಕಪ್ಪನ್ನು ಕೈಬಿಟ್ಟಿತು. ಹಳೆಯ ಫೈಲುಗಳನ್ನು ಮರಳಿ ಪಡೆಯಲು ಮಾತ್ರ ಉಪಯೋಗವಾಗುವ ಸಣ್ಣ ಸಾಧನವೊಂದನ್ನು ವಿಸ್ತಾಕ್ಕೂ ವಿಂಡೋಸ್ 7ಕ್ಕೂ ಬೇರೆ ಬೇರೆಯಾಗಿ ಕೊಟ್ಟಿತ್ತು, ಆದರೆ ಅದನ್ನು ವಿಂಡೋಸ್ 11ರಲ್ಲಿ ಸ್ಥಾಪಿಸಿಕೊಳ್ಳಲು ಬರುವುದಿಲ್ಲ. ವಿಂಡೋಸ್ 7ರ ಬ್ಯಾಕಪ್ಪೇ ಬೇರೆ ಜಾತಿಯದು. ಅದು ಫೈಲುಗಳನ್ನು ಸಣ್ಣ ಸಣ್ಣ ಜಿಪ್ ಕಟ್ಟುಗಳಾಗಿ ಇಡುತ್ತಿದ್ದುದರಿಂದ ಏನೂ ಇಲ್ಲದಿದ್ದರೂ ಕೈಯಿಂದಲೇ ಬಿಡಿಸಿಕೊಳ್ಳಬಹುದು. ಬಿಕೆಎಫ್‌ನಲ್ಲಿ ಆ ಸೌಕರ್ಯವಿಲ್ಲ.

ಎಕ್ಸ್‌ಪಿ ಯಂತ್ರದಿಂದ ಎನ್‌ಟಿಬ್ಯಾಕಪ್ ಎಂಬ ಪ್ರೋಗ್ರಾಮನ್ನೂ ಅದರ ಜೊತೆಗೆ ಎನ್‌ಟಿಎಂಎಸ್‌ಎಪಿಐ ಮತ್ತು ವಿಎಸ್‌ಎಸ್‌ಎಪಿಐ ಎಂಬ ಎರಡು ಡಿಎಲ್‌ಎಲ್‌ಗಳನ್ನೂ (ಅದಕ್ಕೆ ಬೇಕಾದ ಸಹಾಯಕ ಫೈಲುಗಳು) ಒಂದೇ ಫೋಲ್ಡರಿಗೆ ನಕಲು ಮಾಡಿ, ಹೊಸ ವಿಂಡೋಸಿನಲ್ಲಿ ಅಲ್ಲಿಂದಲೇ ನಡೆಸಿದವರು ಇದ್ದಾರೆ. ರಿಮೂವಬಲ್ ಸ್ಟೋರೇಜ್ ಸೇವೆ ಇಲ್ಲ ಎಂದು ಅದು ಎಚ್ಚರಿಸುತ್ತದೆ, ಓಕೆ ಒತ್ತಿ ಮುಂದುವರಿಯಬಹುದು. ಸರಿಯಾಗಿರುವ ಬ್ಯಾಕಪ್ಪಿಗೆ ಈ ಉಪಾಯ ಸಾಕು. ನಿಮ್ಮಂಥ ಅರ್ಧಕ್ಕೆ ನಿಂತ ಫೈಲಿಗೆ ಮಾತ್ರ ನಿಜವಾದ ಎಕ್ಸ್‌ಪಿಯಲ್ಲಿಯೇ ಕೆಲಸ ಮಾಡುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ತೊಂದರೆ ಬಂದಾಗ ದೋಷ ಫೈಲಿನದೋ ವಿಂಡೋಸಿನದೋ ಎಂಬ ಗೊಂದಲ ಅಲ್ಲಿರುವುದಿಲ್ಲ.

ನಿಮ್ಮ ತಂದೆಯವರ ಕಂಪ್ಯೂಟರಿನ ಎಕ್ಸ್‌ಪಿ ಸಿಡಿಯೂ ಕ್ಯಾಬಿನೆಟ್ ಮೇಲೆ ಅಂಟಿಸಿದ ಕೀಯೂ ಉಳಿದಿದ್ದರೆ, ನಿಮ್ಮ ಲ್ಯಾಪ್‌ಟಾಪಿನಲ್ಲಿಯೇ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಡೆಸುವ ತಂತ್ರಾಂಶ) ಹಾಕಿಕೊಂಡು ಅದರೊಳಗೆ ಎಕ್ಸ್‌ಪಿ ಸ್ಥಾಪಿಸಿ. ವರ್ಚುವಲ್ ಡಿಸ್ಕನ್ನು ಸಾಟಾ ಕಂಟ್ರೋಲರಿಗೆ ಜೋಡಿಸದೆ ಹಳೆಯ ಬಗೆಯ ಐಡಿಇಗೆ ಜೋಡಿಸಬೇಕು, ಇಲ್ಲವಾದರೆ ಎಕ್ಸ್‌ಪಿಯ ಸ್ಥಾಪಕಕ್ಕೆ ಡಿಸ್ಕೇ ಕಾಣಿಸುವುದಿಲ್ಲ. ಒಳಗಿನ ಡಿಸ್ಕನ್ನು ಎನ್‌ಟಿಎಫ್‌ಎಸ್ ಆಗಿ 20 ಜಿಬಿಯಷ್ಟು ಇಟ್ಟುಕೊಂಡು, ಬಿಕೆಎಫ್ ಫೈಲನ್ನು ಹಂಚಿಕೆಯ ಫೋಲ್ಡರಿನಿಂದ ಓದಿಸದೆ ಒಳಗಿನ ಡಿಸ್ಕಿಗೇ ನಕಲು ಮಾಡಿಕೊಳ್ಳಿ. ವರ್ಚುವಲ್ ಯಂತ್ರದ ನೆಟ್‌ವರ್ಕನ್ನು ಮೊದಲೇ ನಿಲ್ಲಿಸಿಬಿಡಿ, ಏಕೆಂದರೆ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಆಕ್ಟಿವೇಷನ್ ಮಾಡದಿದ್ದರೂ 30 ದಿನ ನಡೆಯುತ್ತದೆ, ನಿಮ್ಮ ಕೆಲಸಕ್ಕೆ ಅಷ್ಟು ಸಮಯ ಧಾರಾಳ.

ಸಿಡಿಯು ಹೋಂ ಆವೃತ್ತಿಯದಾಗಿದ್ದರೆ ಎನ್‌ಟಿಬ್ಯಾಕಪ್ ತಾನಾಗಿ ಸ್ಥಾಪನೆಯಾಗಿರುವುದಿಲ್ಲ. ಅದೇ ಸಿಡಿಯಲ್ಲಿ ವ್ಯಾಲ್ಯೂಆಡ್ ಎಂಬ ಫೋಲ್ಡರಿನೊಳಗೆ ಎಂಎಸ್‌ಎಫ್‌ಟಿ, ಅದರೊಳಗೆ ಎನ್‌ಟಿಬ್ಯಾಕಪ್ ಎಂದು ಇರುತ್ತದೆ, ಅಲ್ಲಿಂದ ಹಾಕಿಕೊಳ್ಳಬೇಕು.

ಮರುಸ್ಥಾಪಿಸುವಾಗ ಎರಡು ವಿಷಯಗಳನ್ನು ಮರೆಯಬೇಡಿ. ಫೈಲುಗಳನ್ನು ಮೂಲ ಜಾಗಕ್ಕೆ ಎಂದು ಆರಿಸದೆ ಆಲ್ಟರ್ನೇಟ್ ಲೊಕೇಷನ್ ಎಂದು ಆರಿಸಿ, ಖಾಲಿ ಫೋಲ್ಡರೊಂದನ್ನು ತೋರಿಸಿ. ಹೀಗೆ ಮಾಡಿದರೆ ಹಳೆಯ ಫೋಲ್ಡರುಗಳ ರಚನೆಯೂ ಹಾಗೆಯೇ ಉಳಿಯುತ್ತದೆ. ಅದರ ಮುಂದಿನ ಅಡ್ವಾನ್ಸ್ಡ್ ಗುಂಡಿಯೊಳಗೆ ರಿಸ್ಟೋರ್ ಸೆಕ್ಯೂರಿಟಿ ಎಂಬ ಆಯ್ಕೆಯ ಗುರುತನ್ನು ತೆಗೆಯಿರಿ. ಗುರುತನ್ನು ಹಾಗೆಯೇ ಉಳಿಸಿದರೆ ಫೈಲುಗಳ ಒಡೆತನವು ಈಗ ಇಲ್ಲದಿರುವ ಹಳೆಯ ಬಳಕೆದಾರರ ಖಾತೆಯ ಹೆಸರಿನಲ್ಲಿಯೇ ಬಂದು, ತೆರೆಯಲು ಹೋದಾಗ ಅನುಮತಿ ಇಲ್ಲ ಎಂಬ ಉತ್ತರ ಸಿಗುತ್ತದೆ. ಎಷ್ಟೋ ಜನ ಇಲ್ಲಿಯವರೆಗೆ ಬಂದು, ಫೈಲುಗಳೆಲ್ಲ ಕೆಟ್ಟಿವೆ ಎಂದು ತಪ್ಪು ತಿಳಿದು ಕೈಚೆಲ್ಲುವುದನ್ನು ಕಂಡಿದ್ದೇನೆ.

ಆಗುಂಬೆಮಳೆ — ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ನಮಸ್ಕಾರಗಳು. ಹೊರಗಿನ ಡಿಸ್ಕು ಫ್ಯಾಟ್32 ಎಂಬುದು ನಿಜವಾಯಿತು. ಎಕ್ಸ್‌ಪಿ ಸಿಡಿ ತಂದೆಯವರ ಮೇಜಿನ ಸೆಳೆಖಾನೆಯಲ್ಲಿ, ಶಾಲೆಯ ಹಳೆಯ ಹಾಜರಿ ಪುಸ್ತಕದೊಳಗೆ ಸಿಕ್ಕಿತು. ಹೋಂ ಆವೃತ್ತಿಯೇ ಆಗಿತ್ತು. ಸಹ್ಯಾದ್ರಿ_ಲ್ಯಾಬ್ ಅವರು ಹೇಳಿದ ಫೋಲ್ಡರಿನಿಂದಲೇ ಎನ್‌ಟಿಬ್ಯಾಕಪ್ಪನ್ನು ಹಾಕಿಕೊಂಡೆ.

ಕೆಟಲಾಗಿನ ಆ ಗುರುತನ್ನು ತೆಗೆದು ಫೈಲನ್ನು ಮತ್ತೆ ತೆರೆದಾಗ, ಸಂದೇಶದ ಬದಲು ಓದುವ ಕೆಲಸ ಆರಂಭವಾಯಿತು. ಮುಕ್ಕಾಲು ಗಂಟೆಯಾದ ಮೇಲೆ ಎಡಬದಿಯಲ್ಲಿ ಸಿ ಮತ್ತು ಡಿ ಎರಡೂ ಕಾಣಿಸಿಕೊಂಡವು. ಸಿ ಡ್ರೈವಿನ ಗುಂಪು ಪೂರ್ತಿಯಾಗಿಯೇ ಇದೆ. ಮೈ ಡಾಕ್ಯುಮೆಂಟ್ಸ್‌ನಲ್ಲಿ ಊರಿಗೊಂದರಂತೆ ಫೋಲ್ಡರು, ಪ್ರತಿಯೊಂದರಲ್ಲಿಯೂ ಹಾಡು ಹೇಳಿದವರ ಹೆಸರಿನ ವರ್ಡ್ ಫೈಲುಗಳು ಒಂದೂ ಬಿಡದೆ ಹೊರಬಂದಿವೆ.

ಡಿ ಡ್ರೈವಿನಲ್ಲಿ ಮೊದಲ 6 ಕ್ಯಾಸೆಟ್ಟುಗಳ ಎರಡೂ ಮಗ್ಗುಲು, ಅಂದರೆ 12 ವೇವ್ ಫೈಲುಗಳು ಸರಿಯಾಗಿ ಬಂದವು. ಹದಿಮೂರನೆಯದು, ಅಂದರೆ 7ನೇ ಕ್ಯಾಸೆಟ್ಟಿನ ಮೊದಲ ಮಗ್ಗುಲು ಪಟ್ಟಿಯಲ್ಲಿ ಇದೆ, ಆದರೆ ಅದನ್ನು ತೆಗೆಯಲು ಹೋದರೆ ದೋಷ ತೋರಿಸಿ ನಿಲ್ಲುತ್ತದೆ. ಅದರ ಮುಂದೆ ಏನೂ ಇಲ್ಲ.

ಮೂಲ ಕ್ಯಾಸೆಟ್ಟುಗಳು ಅಮ್ಮನ ಟ್ರಂಕಿನಲ್ಲಿವೆ. 8ರಿಂದ 11ರವರೆಗಿನವು ಚೆನ್ನಾಗಿವೆ, ಅವುಗಳನ್ನು ಮತ್ತೆ ಇಳಿಸಿಕೊಳ್ಳಬಹುದು. ನಮ್ಮ ದುರದೃಷ್ಟಕ್ಕೆ 7ನೆಯದರಲ್ಲಿ ಟೇಪು ಎರಡು ಕಡೆ ತುಂಡಾಗಿ ಸುಕ್ಕುಗಟ್ಟಿದೆ. ನಮ್ಮ ಅಜ್ಜಿ, ಅಂದರೆ ತಂದೆಯವರ ತಾಯಿ, ಹಾಡಿರುವುದು ಅದರಲ್ಲಿಯೇ. ಆ ಅರ್ಧ ಫೈಲಿನಿಂದ ಸ್ವಲ್ಪವಾದರೂ ಹೊರತೆಗೆಯಲು ದಾರಿ ಇದೆಯೇ?

ಪೆಂಗ್ವಿನ್ — ಉತ್ತರ

ಆಗುಂಬೆಮಳೆ ಅವರೇ, ದಾರಿ ಇದೆ. ಎನ್‌ಟಿಬ್ಯಾಕಪ್ ಅರ್ಧ ಫೈಲನ್ನು ಕೊಡಲು ಒಪ್ಪುವುದಿಲ್ಲ, ಆದರೆ ಲಿನಕ್ಸಿನಲ್ಲಿ ಎಂಟಿಎಫ್‌ಟಾರ್ ಎಂಬ ಮುಕ್ತ ತಂತ್ರಾಂಶವಿದೆ. ಅದು ಬಿಕೆಎಫ್ ಫೈಲನ್ನು ಮೊದಲಿನಿಂದ ಓದುತ್ತ ಹೋಗಿ ಟಾರ್ ರೂಪಕ್ಕೆ (ಲಿನಕ್ಸಿನಲ್ಲಿ ಹಲವು ಫೈಲುಗಳನ್ನು ಒಂದೇ ಕಟ್ಟಾಗಿಸುವ ರೂಪ) ಬದಲಿಸಿಕೊಡುತ್ತದೆ. ಸೂಚಿಯ ಗೊಡವೆ ಅದಕ್ಕಿಲ್ಲ. ಅದರ ಫಲಿತವನ್ನು ನೇರವಾಗಿ ಟಾರ್ ಆಜ್ಞೆಗೆ ಹರಿಸಿದರೆ ಫೈಲುಗಳು ಒಂದೊಂದಾಗಿ ಡಿಸ್ಕಿಗೆ ಇಳಿಯುತ್ತವೆ, ಮತ್ತು ಒಳಬರುವ ದತ್ತಾಂಶ ನಿಂತಾಗ ಟಾರ್ ಅನಿರೀಕ್ಷಿತವಾಗಿ ಮುಗಿಯಿತು ಎಂದು ದೂರುತ್ತದೆಯಾದರೂ ಅಲ್ಲಿಯವರೆಗೆ ಬರೆದದ್ದನ್ನು ಸಾಮಾನ್ಯವಾಗಿ ಅಲ್ಲಿಯೇ ಬಿಡುತ್ತದೆ. ಆ ಕೊನೆಯ ತುಂಡೇ ನಿಮ್ಮ ಅಜ್ಜಿಯವರ ಮಗ್ಗುಲು.

ಹಾಗೆ ಬಂದ ವೇವ್ ಫೈಲಿನ ತಲೆಯಲ್ಲಿ ಪೂರ್ಣ ಅಳತೆ ಬರೆದಿದ್ದು, ಒಳಗೆ ಇರುವುದು ಅದಕ್ಕಿಂತ ಕಡಿಮೆಯಾದ್ದರಿಂದ ಕೆಲವು ಪ್ಲೇಯರುಗಳು ಅದನ್ನು ನುಡಿಸದೇ ಹೋಗಬಹುದು. ಆಗ ಧ್ವನಿ ಸಂಪಾದನೆಯ ತಂತ್ರಾಂಶವಾದ ಆಡಾಸಿಟಿ ತೆರೆದು, ಫೈಲ್ ಮೆನುವಿನ ಇಂಪೋರ್ಟ್‌ನಲ್ಲಿ ರಾ ಡೇಟಾ ಎಂಬುದನ್ನು ಆರಿಸಿ, 16 ಬಿಟ್ ಸೈನ್ಡ್, ಲಿಟಲ್ ಎಂಡಿಯನ್, ಎರಡು ಚಾನೆಲ್, 44100 ಎಂದು ಕೊಡಿ. ಸರಿಯಾಗಿ ಬಂದಿರುವ 12 ಫೈಲುಗಳಲ್ಲಿ ಒಂದರ ಪ್ರಾಪರ್ಟೀಸ್ ನೋಡಿಕೊಂಡರೆ ಈ ಅಂಕಿಗಳು ಹೌದೋ ಅಲ್ಲವೋ ಎಂಬುದು ಖಚಿತವಾಗುತ್ತದೆ. ಆರಂಭದಲ್ಲಿ ಚಿಟ್ ಎಂಬ ಒಂದು ಸಣ್ಣ ಸದ್ದು ಕೇಳಿಸುತ್ತದೆ. ಫೈಲಿನ ತಲೆಭಾಗವನ್ನೂ ಧ್ವನಿಯೆಂದೇ ಓದುವುದರಿಂದ ಹಾಗಾಗುತ್ತದೆ, ಅದನ್ನು ಕತ್ತರಿಸಿಬಿಡಬಹುದು.

ನಿಮ್ಮ ಲೆಕ್ಕ ನೋಡಿದರೆ, 30 ನಿಮಿಷದ ಒಂದು ಮಗ್ಗುಲಿಗೆ 300 ಎಂಬಿಯಂತೆ 12ಕ್ಕೆ 3600 ಎಂಬಿ ಆಯಿತು. ಒಟ್ಟು 4096 ಎಂಬಿಯಲ್ಲಿ (ಅಂದರೆ 4 ಜಿಬಿಯಲ್ಲಿ) ಇದನ್ನೂ ಸಿ ಡ್ರೈವಿನ ಗುಂಪನ್ನೂ ಕಳೆದರೆ ಉಳಿಯುವುದನ್ನು ಹತ್ತರಿಂದ ಭಾಗಿಸಿ. ಸುಮಾರು ಅಷ್ಟು ನಿಮಿಷದ ಹಾಡು ನಿಮಗೆ ಸಿಗಬೇಕು.

ತುಂಡಾದ ಕ್ಯಾಸೆಟ್ಟನ್ನು ದಯವಿಟ್ಟು ಎಸೆಯಬೇಡಿ. ತಿರುಪು ಇರುವ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ವರ್ಗಾಯಿಸಿ, ಸ್ಪ್ಲೈಸಿಂಗ್ ಟೇಪಿನಿಂದ ತುಂಡುಗಳನ್ನು ಜೋಡಿಸಿ ನುಡಿಸಬಹುದು. ಸಾಧಾರಣ ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ, ಅದರ ಅಂಟು ಒಸರಿ ಪಕ್ಕದ ಸುತ್ತುಗಳಿಗೂ ಹಿಡಿಯುತ್ತದೆ.

ಗಣಕಮಿತ್ರ — ಉತ್ತರ

ಪಠ್ಯವೆಲ್ಲ ಬಂದದ್ದನ್ನು ಓದಿ ಬಹಳ ಸಂತೋಷವಾಯಿತು. ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಆ ವರ್ಡ್ ಫೈಲುಗಳನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಗೆರೆ, ಚುಕ್ಕೆಗಳಿರುವ ಲ್ಯಾಟಿನ್ ಅಕ್ಷರಗಳು ಕಾಣಿಸಿದರೆ ಬ್ಯಾಕಪ್ ಕೆಟ್ಟಿದೆ ಎಂದು ಭಾವಿಸಬೇಡಿ. ಹಳೆಯ ನುಡಿ ಫಾಂಟುಗಳು ಯುನಿಕೋಡ್ ಅಲ್ಲದ್ದರಿಂದ, ಫಾಂಟ್ ಇಲ್ಲದ ಯಂತ್ರದಲ್ಲಿ ಹಾಗೆಯೇ ಕಾಣುತ್ತದೆ. ನುಡಿ ಫಾಂಟನ್ನು ಹಾಕಿಕೊಂಡರೆ ತಂದೆಯವರು ಟೈಪ್ ಮಾಡಿದಂತೆಯೇ ಓದಬಹುದು.

ಯುನಿಕೋಡಿಗೆ ಪರಿವರ್ತಿಸುವಾಗ ಮೂಲ ಫೈಲುಗಳನ್ನು ಹಾಗೆಯೇ ಇಟ್ಟುಕೊಂಡು ನಕಲನ್ನು ಪರಿವರ್ತಿಸಿ. ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ಏಕೆಂದರೆ ಹಳೆಯ ಫಾಂಟುಗಳಲ್ಲಿ ಅದು ಅಕ್ಷರದ ನಂತರ ಬಂದು ಕೂರುತ್ತದೆ, ಯುನಿಕೋಡಿನಲ್ಲಿ ರಕಾರವೇ ಮೊದಲು ಬರಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕವು ಅವುಗಳನ್ನೂ ಕನ್ನಡವೆಂದೇ ತಿಳಿದು ಬದಲಿಸಿಬಿಡುವ ಸಂಭವ ಉಂಟು. ಆಡುಮಾತಿನ ಹಾಡುಗಳಾದ್ದರಿಂದ ಕಾಗುಣಿತದ ತಪ್ಪು ಯಾವುದು, ಹಾಡಿದವರ ಉಚ್ಚಾರಣೆ ಯಾವುದು ಎಂಬುದು ತಂತ್ರಾಂಶಕ್ಕೆ ತಿಳಿಯುವಂಥದ್ದಲ್ಲ. ನೀವೇ ಕೂತು ಓದಬೇಕಾಗುತ್ತದೆ.

ಆಗುಂಬೆಮಳೆ — ಪ್ರಶ್ನೆ ಕೇಳಿದವರು

ಪೆಂಗ್ವಿನ್ ಅವರೇ, ನನ್ನ ತಂಗಿಯ ಮಗ ಲಿನಕ್ಸ್ ಬಲ್ಲವನು. ನೀವು ಹೇಳಿದಂತೆಯೇ ನಿನ್ನೆ ರಾತ್ರಿ ಮಾಡಿದೆವು. 12 ಫೈಲುಗಳ ಜೊತೆಗೆ ಹದಿಮೂರನೆಯದರ 160 ಎಂಬಿಯಷ್ಟು ಇಳಿಯಿತು. ಆಡಾಸಿಟಿಯಲ್ಲಿ ತೆರೆದಾಗ ಹದಿನೈದು ನಿಮಿಷಕ್ಕೂ ಸ್ವಲ್ಪ ಹೆಚ್ಚು ಬಂದಿದೆ. ಮೊದಲು ಆ ಚಿಟ್ ಎಂಬ ಸದ್ದು, ಆಮೇಲೆ ತಂದೆಯವರು ಊರಿನ ಹೆಸರು ಹೇಳುವುದು, ಹಿಂದೆ ಎಲ್ಲಿಯೋ ಮಳೆ ಸುರಿಯುವುದು, ಅನಂತರ ಅಜ್ಜಿಯ ದನಿ. ಎರಡು ಹಾಡು ಪೂರ್ತಿ ಇವೆ. ಮೂರನೆಯದು ಹೆಣ್ಣೊಪ್ಪಿಸುವ ಹಾಡು, ಐದನೆಯ ನುಡಿಯ ನಡುವೆ ನಿಲ್ಲುತ್ತದೆ. ಅದರ ಪಠ್ಯ ಮಾತ್ರ ಸಿ ಡ್ರೈವಿನ ಫೈಲಿನಲ್ಲಿ ಕೊನೆಯವರೆಗೂ ಇದೆ.

ಬಂದದ್ದೆಲ್ಲವನ್ನೂ ಎರಡು ಬೇರೆ ಬೇರೆ ಡಿಸ್ಕುಗಳಿಗೆ ಮಾಮೂಲಿ ಫೈಲುಗಳಾಗಿಯೇ ನಕಲು ಮಾಡಿ, ಒಂದನ್ನು ತಂಗಿಯ ಮನೆಯಲ್ಲಿ ಇಟ್ಟಿದ್ದೇವೆ. ಬಿಕೆಎಫ್ ಫೈಲನ್ನೂ ಅಳಿಸಿಲ್ಲ. 7ನೇ ಕ್ಯಾಸೆಟ್ಟನ್ನು ಜೋಡಿಸುವ ಕೆಲಸಕ್ಕೆ ಸ್ಪ್ಲೈಸಿಂಗ್ ಟೇಪ್ ತರಿಸಲು ಹೇಳಿದ್ದೇನೆ. ಅದು ಬಂದ ಮೇಲೆ ಎರಡನೆಯ ಮಗ್ಗುಲು ಎಷ್ಟು ಸಿಕ್ಕಿತೆಂದು ಇಲ್ಲಿಯೇ ಬರೆಯುತ್ತೇನೆ.